ಬಿ.ಪಿ. ಇದ್ದವರು ಹಾಲು-ಮೊಸರು ಬಿಡಬೇಕೇ?



ಭೇರ್ಯ ಕಡೆಯ ಒಂದು ಸಂಘದ ವಾರದ ಸಭೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು ಮುಗಿದಿತ್ತು. ಆರೋಗ್ಯದ ಮಾತು ಬಂದಾಗ ಒಬ್ಬ ಸದಸ್ಯೆ ಎದ್ದು ಕೇಳಿದರು: "ನಂಗೆ ಬಿ.ಪಿ. ಐತೆ ಅಂದ್ರು ಕಣಕ್ಕ. ಅವತ್ತಿಂದ ಹಾಲು-ಮೊಸರು ಮುಟ್ಟಿಲ್ಲ. ಆದ್ರೂ ಇಳೀತಾ ಇಲ್ವಲ್ಲ, ಯಾಕೆ?"

ಹಿಂದಿನ ದಿನ ಏನು ಊಟ ಮಾಡಿದಿರಿ ಎಂದು ಕೇಳಿದೆವು. ಬೆಳಿಗ್ಗೆ ಮುದ್ದೆ, ಉಪ್ಸಾರು. ಮಧ್ಯಾಹ್ನ ಅನ್ನ, ಸಾರು, ನೆಂಚಿಕೊಳ್ಳಲು ಉಪ್ಪಿನಕಾಯಿ. ರಾತ್ರಿ ಅನ್ನಕ್ಕೆ ಹಪ್ಪಳ, ಮತ್ತೆ ಉಪ್ಪಿನಕಾಯಿ. "ಮೊಸರು ಬಿಟ್ಟ ಮೇಲೆ ಬಾಯಿ ಸಪ್ಪೆ ಅನ್ಸುತ್ತೆ, ಅದಕ್ಕೆ ಉಪ್ಪಿನಕಾಯಿ ಒಂದು ಹೋಳು ಜಾಸ್ತಿ" ಅಂದರು. ಮಾತ್ರೆ? "ತಲೆ ಸುತ್ತಿದ ದಿನ ತಗೋತೀನಿ." ಹಸುವಿನ ಹಾಲು? "ಎಲ್ಲಾ ಡೈರಿಗೆ ಹಾಕ್ತೀನಿ, ಹಸು ಸಾಲ ತೀರ್ಬೇಕಲ್ಲ."

ನೋಡಿ, ಆ ತಾಯಿ ತೊಂದರೆ ಕೊಡದ ಹಾಲು-ಮೊಸರನ್ನು ಬಿಟ್ಟರು, ತೊಂದರೆ ಕೊಡುವ ಉಪ್ಪನ್ನು ಹೆಚ್ಚು ಮಾಡಿಕೊಂಡರು, ದಿನವೂ ನುಂಗಬೇಕಾದ ಮಾತ್ರೆಯನ್ನು ಅಪರೂಪ ಮಾಡಿದರು. ಇದು ಅವರೊಬ್ಬರ ಕಥೆಯಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆಯ ಸಂಘಗಳಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಈ ಪಾಠವನ್ನು ಎಲ್ಲರೂ ಸೇರಿ ಓದೋಣ.

1. ಬಿ.ಪಿ. ಎಂದರೇನು?

ನಮ್ಮ ಹೃದಯ ಒಂದು ಪಂಪ್‌ಸೆಟ್ಟಿನ ಹಾಗೆ. ರಕ್ತನಾಳಗಳು ಅದರ ಪೈಪುಗಳು. ರಕ್ತ ಹರಿಯುವಾಗ ಪೈಪಿನ ಗೋಡೆಗೆ ಬೀಳುವ ಒತ್ತಡವೇ ರಕ್ತದೊತ್ತಡ. ಇದನ್ನು ಎರಡು ಅಂಕಿಗಳಲ್ಲಿ ಬರೆಯುತ್ತಾರೆ. ಹೃದಯ ರಕ್ತವನ್ನು ದೂಡುವಾಗಿನ ಒತ್ತಡ ಮೇಲಿನ ಅಂಕಿ, ಹೃದಯ ಸಡಿಲವಾದಾಗಿನ ಒತ್ತಡ ಕೆಳಗಿನ ಅಂಕಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತಾರೆ.

ಪೈಪಿನಲ್ಲಿ ಒತ್ತಡ ಹೆಚ್ಚಾದರೆ ಒಂದಲ್ಲ ಒಂದು ದಿನ ಜಾಯಿಂಟು ಬಿಡುತ್ತದೆ, ಮೋಟಾರಿಗೂ ಪೆಟ್ಟು. ಹಾಗೆಯೇ ಬಿ.ಪಿ. ಹೆಚ್ಚಿದ್ದು ಹತೋಟಿಗೆ ಬಾರದಿದ್ದರೆ ಲಕ್ವ ಹೊಡೆಯಬಹುದು, ಹೃದಯಾಘಾತ ಆಗಬಹುದು, ಕಿಡ್ನಿ ಹಾಳಾಗಬಹುದು, ಕಣ್ಣು ಮಂದವಾಗಬಹುದು. ಹೆಚ್ಚಿನವರಿಗೆ ಯಾವ ಸೂಚನೆಯೂ ಇರುವುದಿಲ್ಲ. "ತಲೆ ಸುತ್ತುತ್ತಿಲ್ಲ, ನಂಗೆ ಬಿ.ಪಿ. ಇಲ್ಲ" ಎಂದು ನಾವೇ ತೀರ್ಮಾನ ಮಾಡಬಾರದು. ಅಳತೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

2. ಹಾಲು-ಮೊಸರು ಬಿ.ಪಿ. ಏರಿಸುತ್ತದೆಯೇ?

ಇಲ್ಲ. ಮಿತವಾಗಿ ತೆಗೆದುಕೊಂಡ ಹಾಲು, ಮೊಸರು, ಉಪ್ಪಿಲ್ಲದ ಮಜ್ಜಿಗೆ ಬಿ.ಪಿ. ಏರಿಸುವುದಿಲ್ಲ. ಒಳ್ಳೆಯ ಊಟದ ಜೊತೆ ಸೇರಿದರೆ ಸ್ವಲ್ಪ ಇಳಿಯಲು ಸಹಾಯವನ್ನೂ ಮಾಡುತ್ತದೆ.

ಕಾರಣ ಹೀಗಿದೆ. ಉಪ್ಪಿನಲ್ಲಿರುವ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಪೈಪಿನಲ್ಲಿ ನೀರು ಹೆಚ್ಚಾದಂತೆ ಒತ್ತಡವೂ ಏರುತ್ತದೆ. ಹಾಲಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು. ಪೊಟ್ಯಾಸಿಯಂ, ಸೋಡಿಯಂ ಅನ್ನು ಮೂತ್ರದಲ್ಲಿ ಹೊರಹಾಕಲು ಕಿಡ್ನಿಗೆ ನೆರವಾಗುತ್ತದೆ. ಹಾಲಿನ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ರಕ್ತನಾಳದ ಗೋಡೆಗಳು ಸರಿಯಾಗಿ ಬಿಗಿಯಲು, ಸಡಿಲಲು ಬೇಕು.

ಒಂದು ಲೋಟ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 100 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅರ್ಧ ಚಮಚ ಉಪ್ಪಿನಲ್ಲಿ ಸುಮಾರು 1000 ಮಿಲಿಗ್ರಾಂ. ಅಂದರೆ ಒಂದು ಲೋಟ ಮಜ್ಜಿಗೆಗೆ ಅರ್ಧ ಚಮಚ ಉಪ್ಪು ಹಾಕಿ ಕುಡಿದರೆ ಹತ್ತು ಲೋಟ ಹಾಲಿನಷ್ಟು ಸೋಡಿಯಂ ಒಂದೇ ಸಲ ಹೊಟ್ಟೆಗೆ ಹೋಗುತ್ತದೆ. ತಪ್ಪು ಮಜ್ಜಿಗೆಯದಲ್ಲ, ಉಪ್ಪಿನದು.

3. ಪರೀಕ್ಷೆ ಮಾಡಿ ನೋಡಿದವರು ಏನು ಹೇಳುತ್ತಾರೆ?

1997ರಲ್ಲಿ ಅಮೆರಿಕದ ವೈದ್ಯರು 459 ಜನರಿಗೆ ಎಂಟು ವಾರ ಬೇರೆ ಬೇರೆ ಬಗೆಯ ಊಟ ಕೊಟ್ಟು ಬಿ.ಪಿ. ಅಳೆದರು. ಎಲ್ಲರ ಊಟದಲ್ಲೂ ಉಪ್ಪು ಒಂದೇ ಪ್ರಮಾಣದಲ್ಲಿತ್ತು. ಒಂದು ಗುಂಪಿಗೆ ಮಾಮೂಲಿ ಊಟ. ಎರಡನೆಯ ಗುಂಪಿಗೆ ಹಣ್ಣು-ತರಕಾರಿ ಹೆಚ್ಚು. ಮೂರನೆಯ ಗುಂಪಿಗೆ ಹಣ್ಣು-ತರಕಾರಿಯ ಜೊತೆ ಕೆನೆ ತೆಗೆದ ಹಾಲು-ಮೊಸರು, ಕಡಿಮೆ ಕೊಬ್ಬು. ಮಾಮೂಲಿ ಊಟದವರಿಗೆ ಹೋಲಿಸಿದರೆ ಎರಡನೆಯ ಗುಂಪಿನವರ ಮೇಲಿನ ಅಂಕಿ ಸುಮಾರು 3 ಇಳಿಯಿತು. ಮೂರನೆಯ ಗುಂಪಿನವರಿಗೆ ಸುಮಾರು 5.5 ಇಳಿಯಿತು. ಮೂರನೆಯ ಗುಂಪಿನಲ್ಲೇ ಮೊದಲೇ ಬಿ.ಪಿ. ಇದ್ದವರಿಗೆ 11ರಷ್ಟು ಇಳಿಯಿತು. 2001ರಲ್ಲಿ ಇದೇ ಊಟದಲ್ಲಿ ಉಪ್ಪನ್ನೂ ಕಡಿಮೆ ಮಾಡಿ ನೋಡಿದಾಗ ಇನ್ನೂ ಇಳಿಯಿತು.

ನಮ್ಮ ನಾಡಿಗೆ ಹತ್ತಿರದ ಮಾತು ಇನ್ನೊಂದಿದೆ. 21 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಸೇರಿದ್ದರು. ಜನರನ್ನು ಸುಮಾರು ಒಂಬತ್ತು ವರ್ಷ ಗಮನಿಸಿದ ಅದರ ಫಲಿತಾಂಶ 2020ರಲ್ಲಿ ಬಂತು. ಹಾಲಿನ ಪದಾರ್ಥ ತೆಗೆದುಕೊಳ್ಳದವರಿಗಿಂತ ದಿನಕ್ಕೆ ಎರಡು ಅಳತೆ ಅಥವಾ ಹೆಚ್ಚು ತೆಗೆದುಕೊಳ್ಳುವವರಲ್ಲಿ ಹೊಸದಾಗಿ ಬಿ.ಪಿ. ಬಂದದ್ದು ನೂರಕ್ಕೆ 11ರಷ್ಟು ಕಡಿಮೆ ಕಂಡಿತು. ಹಾಲು ಕುಡಿಯುವವರ ಉಳಿದ ಅನುಕೂಲಗಳೂ ಇದಕ್ಕೆ ಕಾರಣ ಇರಬಹುದು. ಆದರೆ ಹಾಲಿನಿಂದ ಬಿ.ಪಿ. ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಇಷ್ಟು ಹೇಳಿದೆವೆಂದು ಹಾಲೇ ಔಷಧಿ ಎಂದು ತಿಳಿಯಬೇಡಿ. ಹಾಲು ಊಟದ ಒಂದು ಭಾಗ ಅಷ್ಟೆ. ಅದು ಮಾತ್ರೆಯ ಜಾಗಕ್ಕೆ ಬರುವುದಿಲ್ಲ.

4. ಯಾವುದು ಎಷ್ಟು?

ಹಾಲು: ಭಾರತದ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಸಲಹೆಯಲ್ಲಿ ದೊಡ್ಡವರಿಗೆ ದಿನಕ್ಕೆ 300 ಮಿ.ಲೀ. ಹಾಲು ಅಥವಾ ಅಷ್ಟು ಹಾಲಿನ ಮೊಸರು ಎಂದು ಹೇಳಿದೆ. ಇದು ಒಂದೂವರೆ ಲೋಟ. ಕಾಯಿಸಿ ಆರಿಸಿ ಕೆನೆ ತೆಗೆದರೆ ಒಳ್ಳೆಯದು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಆದ್ದರಿಂದ ಕೆನೆ ತೆಗೆಯುವುದು ಇನ್ನೂ ಮುಖ್ಯ. ಪ್ಯಾಕೆಟ್ ಹಾಲು ಕೊಳ್ಳುವವರು ಕವರಿನ ಮೇಲಿನ ಕೊಬ್ಬಿನ ಅಂಶ ನೋಡಿ. ಟೋನ್ಡ್ ಹಾಲಿನಲ್ಲಿ ಶೇ. 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇ. 1.5, ಗಟ್ಟಿ ಹಾಲಿನಲ್ಲಿ ಶೇ. 6 ಇರುತ್ತದೆ.

ಮೊಸರು, ಮಜ್ಜಿಗೆ: ಧಾರಾಳವಾಗಿ ತೆಗೆದುಕೊಳ್ಳಬಹುದು, ಉಪ್ಪು ಹಾಕಬೇಡಿ. ರುಚಿಗೆ ಶುಂಠಿ, ಕರಿಬೇವು, ಕೊತ್ತಂಬರಿ, ಜೀರಿಗೆ, ಒಂದು ತೊಟ್ಟು ನಿಂಬೆರಸ ಸಾಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹೆಚ್ಚಾಗಿ ಮೊಸರು-ಮಜ್ಜಿಗೆ ಒಗ್ಗುತ್ತದೆ.

ಬೆಣ್ಣೆ, ತುಪ್ಪ: ಮನೆಯ ಬೆಣ್ಣೆ-ತುಪ್ಪದಲ್ಲಿ ಉಪ್ಪಿಲ್ಲ, ಆದರೆ ಕೊಬ್ಬು ಬಹಳ. ಬಿ.ಪಿ. ಇದ್ದವರಿಗೆ ಹೃದಯದ ತೊಂದರೆ ಬರುವ ಸಂಭವ ಹೆಚ್ಚು. ದಿನಕ್ಕೆ ಒಂದು ಸಣ್ಣ ಚಮಚ ತುಪ್ಪ ಸಾಕು. ಅಂಗಡಿಯ ಉಪ್ಪು ಬೆಣ್ಣೆ, ಚೀಸ್ ಬೇಡ. ಅವುಗಳಲ್ಲಿ ಉಪ್ಪು ಬೆರೆತಿರುತ್ತದೆ.

ಹಾಲು ಸೇರದವರು, ಹಾಲು ಇಲ್ಲದವರು ಹೆದರಬೇಕಿಲ್ಲ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಮುದ್ದೆ, ಅಂಬಲಿ, ನುಗ್ಗೆಸೊಪ್ಪು, ಹುರುಳಿಕಾಳು, ಬಾಳೆಹಣ್ಣು ಎಲ್ಲವೂ ಒಳ್ಳೆಯದೇ.

ಎಚ್ಚರಿಕೆ: ಕಿಡ್ನಿ ತೊಂದರೆ ಇದೆ ಎಂದು ವೈದ್ಯರು ಹೇಳಿದ್ದರೆ ಹಾಲು, ಹಣ್ಣು ಎಷ್ಟು ಎಂಬುದನ್ನು ಅವರನ್ನೇ ಕೇಳಿ. "ಬಿ.ಪಿ.ಯವರ ಉಪ್ಪು" ಎಂದು ಮಾರುವ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನೂ ವೈದ್ಯರನ್ನು ಕೇಳದೆ ಬಳಸಬೇಡಿ. ಕಿಡ್ನಿ ದುರ್ಬಲವಾಗಿದ್ದರೆ, ಕೆಲವು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಅಪಾಯ.

5. ಉಪ್ಪಿನ ಲೆಕ್ಕ ಹಿಡಿಯುವುದು ಹೇಗೆ?

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬುದು ನಮ್ಮ ಗಾದೆ. ರುಚಿ ನಿಜ, ಆದರೆ ಅಳತೆ ಬೇಕು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಮಟ್ಟಸ ಚಮಚಕ್ಕಿಂತ ಕಡಿಮೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಸಮೀಕ್ಷೆಯಲ್ಲಿ ಕಂಡದ್ದು ಸುಮಾರು 8 ಗ್ರಾಂ.

ನಮ್ಮ ಸಂಘದವರಿಗೆ ಲೆಕ್ಕ ಹೊಸದಲ್ಲ. ಒಂದು ಕೆ.ಜಿ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ಐದು ಜನರ ಮನೆಯಲ್ಲಿ ಅದು 40 ದಿನ ಬರಬೇಕು. 25 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ಖರ್ಚಾಗುತ್ತಿದೆ ಎಂದರ್ಥ. ಅಂಗಡಿ ತಿಂಡಿ, ಕುರುಕಲು, ಒಣಮೀನಿನ ಉಪ್ಪು ಈ ಲೆಕ್ಕಕ್ಕೆ ಬರದೇ ಬೇರೆ ಸೇರುತ್ತದೆ.

ಒಂದೇ ದಿನ ಉಪ್ಪು ಪೂರಾ ಕಡಿಮೆ ಮಾಡಿದರೆ ಮನೆಯವರು ತಟ್ಟೆ ತಳ್ಳುತ್ತಾರೆ. ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಅನ್ನ, ಮುದ್ದೆ, ಚಪಾತಿ ಹಿಟ್ಟಿಗೆ ಉಪ್ಪು ಬೇಡ. ಉಪ್ಸಾರಿನಲ್ಲಿ ಉಪ್ಪು ತಗ್ಗಿಸಿ, ಬೆಳ್ಳುಳ್ಳಿ, ಮೆಣಸು, ಹುಣಸೆಯ ಖಾರ ಹೆಚ್ಚಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಹಬ್ಬಕ್ಕೆ ಇರಲಿ. ಊಟಕ್ಕೆ ಕೂರುವ ಜಾಗದಲ್ಲಿ ಉಪ್ಪಿನ ಡಬ್ಬಿ ಇಡಬೇಡಿ.

ಇನ್ನೊಂದು ಮಾತು. ನಮ್ಮದು ಹೊಗೆಸೊಪ್ಪು ಬೆಳೆಯುವ ಸೀಮೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಹೆಂಗಸರಲ್ಲೂ ಇದೆ. ಹೊಗೆಸೊಪ್ಪು ರಕ್ತನಾಳವನ್ನು ಬಿಗಿಸಿ ಬಿ.ಪಿ. ಏರಿಸುತ್ತದೆ. ಹಾಲು ಬಿಡುವ ಬದಲು ಹೊಗೆಸೊಪ್ಪು ಬಿಡೋಣ.

6. ಡೈರಿಗೆ ಹಾಕುವ ಮುಂಚೆ

ಹಸು ಮೇಯಿಸುವವಳು ಹೆಂಗಸು, ಹುಲ್ಲು ಹೊರುವವಳು ಹೆಂಗಸು, ಹಾಲು ಕರೆಯುವವಳೂ ಹೆಂಗಸು. ಆದರೆ ಆ ಹಾಲಿನಲ್ಲಿ ಅವಳ ಪಾಲಿಗೆ ಬರುವುದು ಎರಡು ಗುಟುಕು ಟೀ. ಹಾಲಿನ ಬಟವಾಡೆ ಮನೆಗೆ ಆಧಾರ, ಸಾಲದ ಕಂತೂ ಕಟ್ಟಲೇಬೇಕು, ನಮಗೆ ಗೊತ್ತಿದೆ. ಹಾಲು ಹಾಕಬೇಡಿ ಎಂದು ನಾವು ಹೇಳುತ್ತಿಲ್ಲ. ಕ್ಯಾನಿಗೆ ಸುರಿಯುವ ಮುಂಚೆ ಮನೆಯ ಪಾಲು ಅಳೆದು ತೆಗೆದಿಡಿ. ಒಂದು ಲೀಟರ್ ಆಗದಿದ್ದರೆ ಅರ್ಧ ಲೀಟರ್ ಆದರೂ ಸರಿ. ಅರ್ಧ ಲೀಟರ್ ಹೆಪ್ಪು ಹಾಕಿ ಕಡೆದರೆ ಮನೆಮಂದಿಗೆಲ್ಲ ಮಜ್ಜಿಗೆ ಆಗುತ್ತದೆ. ಅದರಲ್ಲಿ ನಿಮಗೂ ಒಂದು ಲೋಟ ಇರಲಿ. ಮನೆಯಾಕೆಗೆ ಲಕ್ವ ಹೊಡೆದರೆ ಆಸ್ಪತ್ರೆ ಖರ್ಚಿಗೆ ಹಸುವನ್ನೇ ಮಾರಬೇಕಾದೀತು.

7. ಮಾತ್ರೆ ಮತ್ತು ತಪಾಸಣೆ

30 ವರ್ಷ ದಾಟಿದ ಎಲ್ಲರೂ ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಸುತ್ತಾರೆ. ಅಳತೆಗೆ ಮುಂಚೆ ಐದು ನಿಮಿಷ ಸುಮ್ಮನೆ ಕುಳಿತಿರಿ. ಕಾಫಿ ಕುಡಿದು, ಎಲೆಅಡಿಕೆ ಹಾಕಿ ಹೋಗಬೇಡಿ.

ಮಾತ್ರೆ ಬರೆದುಕೊಟ್ಟಿದ್ದರೆ ದಿನವೂ ಒಂದೇ ಹೊತ್ತಿಗೆ ತೆಗೆದುಕೊಳ್ಳಿ. ಬಿ.ಪಿ. ಸರಿಯಾಯಿತು ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ, ಬಿಡಬಹುದು ಎಂದಲ್ಲ. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರ ತೀರ್ಮಾನ. ಅಂಕಿ 180/110 ದಾಟಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಬಾಯಿ ಸೊಟ್ಟಗಾದರೆ, ಕೈಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ, ಎದೆ ನೋವು ಬಂದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಮೊದಲು ಹೇಳಿದ ಆ ಸದಸ್ಯೆ ಈಗ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ. ಮಧ್ಯಾಹ್ನ ಅನ್ನಕ್ಕೆ ಮಜ್ಜಿಗೆ ಮತ್ತೆ ಬಂದಿದೆ. "ಸಪ್ಪೆ ಮಜ್ಜಿಗೇನೇ ಈಗ ರುಚಿ ಕಣಕ್ಕ" ಅನ್ನುತ್ತಾರೆ. ಹೋದ ಸಲ ನೋಡಿಸಿದಾಗ ಬಿ.ಪಿ. ಇಳಿದಿತ್ತು. ಇದು ಒಬ್ಬ ಮಜ್ಜಿಗೆಯ ಮಹಿಮೆಯಲ್ಲ. ಮಾತ್ರೆ, ಉಪ್ಪಿನ ಹತೋಟಿ, ಒಳ್ಳೆಯ ಊಟ ಮೂರೂ ಸೇರಿ ಆದದ್ದು.

ಸಂಘದಲ್ಲಿ ಚರ್ಚಿಸಿ

* ನಮ್ಮ ಮನೆಯಲ್ಲಿ ಒಂದು ಕೆ.ಜಿ. ಉಪ್ಪು ಎಷ್ಟು ದಿನ ಬರುತ್ತದೆ?
* ಕರೆದ ಹಾಲಿನಲ್ಲಿ ಮನೆಗೆ ಎಷ್ಟು ಉಳಿಯುತ್ತದೆ? ಅದರಲ್ಲಿ ನನ್ನ ಪಾಲು ಎಷ್ಟು?
* ನಮ್ಮ ಸಂಘದಲ್ಲಿ ಒಮ್ಮೆಯೂ ಬಿ.ಪಿ. ನೋಡಿಸದವರು ಎಷ್ಟು ಜನ?
* ಮಾತ್ರೆ ನಡುವೆ ಬಿಟ್ಟವರು ಯಾರಾದರೂ ಇದ್ದಾರೆಯೇ? ಯಾಕೆ ಬಿಟ್ಟರು?

ಚರ್ಚೆಯ ನಂತರ ಒಂದು ತೀರ್ಮಾನವನ್ನಾದರೂ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಕಂತಿನ ಲೆಕ್ಕದ ಜೊತೆ ಇದನ್ನೂ ಕೇಳಿ. ದೇವರು ಕೊಟ್ಟ ಈ ದೇಹವನ್ನು ಕಾಪಾಡಿಕೊಳ್ಳುವುದೂ ಒಂದು ಉಳಿತಾಯವೇ.