ಗೆರೆಯ ಮೇಲೆ ನಿಲ್ಲದ ಬ್ಲೇಡು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಕೂದಲೆಳೆಯಂಥ ಬ್ಲೇಡು ಕಟ್ಟಿದ ಕೈಗರಗಸದಲ್ಲಿ ಅವರು ಹಲಸಿನ ತೆಳು ಹಲಗೆಯಿಂದ ಆನೆಯ ಕಿವಿಯೊಂದನ್ನು ಕತ್ತರಿಸುವುದನ್ನು ನೋಡುತ್ತ ನಿಂತಾಗಲೇ, ನಮ್ಮ ಮನೆಯ ಪಟ್ಟದ ಬೊಂಬೆಗಳಿಗೆ ಮಂಟಪವನ್ನು ನಾನೇ ಮಾಡಬೇಕೆಂಬ ಆಸೆ ಹುಟ್ಟಿದ್ದು. ಕೈಗರಗಸ ಹಿಡಿಯುವ ಶಕ್ತಿ ನನ್ನ ಮಣಿಕಟ್ಟಿಗಿಲ್ಲ. ಇದಕ್ಕೊಂದು ಯಂತ್ರ ಇದ್ದೇ ಇರುತ್ತದೆಂದು ಫೋನಿನಲ್ಲಿ ‘ಮರದ ಡಿಸೈನ್ ಕಟಿಂಗ್ ಮೆಷಿನ್’ ಎಂದು ಹುಡುಕಿದೆ. ಬಂದದ್ದೆಲ್ಲ ಸಿಎನ್‌ಸಿ, ಲೇಸರ್, ಇಲ್ಲವೇ ಬಡಗಿಗಳು ಕೈಯಲ್ಲಿ ಹಿಡಿಯುವ ಜಿಗ್‌ಸಾ. ‘ಸ್ಕ್ರೋಲ್ ಸಾ’ ಎಂಬ ಎರಡು ಪದ ಸಿಗಲು ಏಳೆಂಟು ತಿಂಗಳು ಹಿಡಿಯಿತು. ಸಿಕ್ಕ ದಿನ ಒಂದೇ ಸಂಜೆಯಲ್ಲಿ ನೂರಾರು ವಿಡಿಯೊ ಕಣ್ಣೆದುರು ಬಂದವು.

ಇಂಟರ್ನೆಟ್ಟಿನಲ್ಲಿ ಎಲ್ಲವೂ ಇದೆ ಎನ್ನುತ್ತಾರೆ, ನಿಜ. ಆದರೆ ಬಾಗಿಲು ತೆರೆಯುವುದು ಆ ಕಸುಬಿನವರು ಬಳಸುವ ಪದಕ್ಕೆ ಮಾತ್ರ.

ಸ್ಕ್ರೋಲ್ ಸಾ ಯಂತ್ರ ತರಿಸಿದ ಮೊದಲ ವಾರ ಬ್ಲೇಡು ಗೆರೆಯ ಮೇಲೆ ನಿಲ್ಲಲೇ ಇಲ್ಲ. ಹಲಗೆಯನ್ನು ನೇರ ತಳ್ಳಿದರೂ ಸೀಳು ಪಕ್ಕಕ್ಕೆ ಜಾರುತ್ತಿತ್ತು. ನನ್ನ ಕೈಯದೇ ತಪ್ಪು ಎಂದುಕೊಂಡು ಹಾಳೆಗಟ್ಟಲೆ ಪ್ಲೈವುಡ್ ಕೆಡಿಸಿದೆ. ಕೊನೆಗೆ ಒಂದು ವಿಡಿಯೊದಲ್ಲಿ ‘ಬ್ಲೇಡ್ ಡ್ರಿಫ್ಟ್’ ಎಂಬ ಮಾತು ಕಿವಿಗೆ ಬಿತ್ತು. ಅಚ್ಚೊತ್ತಿ ಮಾಡಿದ ಬ್ಲೇಡಿನ ಒಂದು ಮಗ್ಗುಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂಪು ಅಂಚು ಉಳಿದಿರುತ್ತದಂತೆ. ಆ ಕಡೆ ಹೆಚ್ಚು ಕೊರೆಯುತ್ತದೆ. ಹಲಗೆಯನ್ನು ಮೂರ್ನಾಲ್ಕು ಡಿಗ್ರಿ ಓರೆಯಾಗಿ ಹಿಡಿದು ತಳ್ಳಿದರೆ ಗೆರೆ ಬಿಡುವುದಿಲ್ಲ. ಹಿಡಿದೆ, ಬಿಡಲಿಲ್ಲ. ಬೀಟೆಯ ಅಂಚು ಸುಟ್ಟು ಕಪ್ಪಾಗುತ್ತಿದ್ದುದಕ್ಕೂ ಹೀಗೆಯೇ ಉತ್ತರ ಸಿಕ್ಕಿತು: ಹಲಗೆಗೆ ಅಂಟಿಸಿದ ನಕ್ಷೆಯ ಮೇಲೆ ಪಾರ್ಸೆಲ್‌ಗೆ ಅಂಟಿಸುವ ಪಾರದರ್ಶಕ ಟೇಪು ಎಳೆದರೆ ಸಾಕು.

ನಕ್ಷೆಗಳಿಗಂತೂ ಬರವಿಲ್ಲ. ಅಮೆರಿಕದ ಸ್ಟೀವ್ ಗುಡ್ ತಾವು ಬರೆದ ನಕ್ಷೆಗಳನ್ನು ವರ್ಷಗಳಿಂದ ಉಚಿತವಾಗಿ ಹಂಚುತ್ತಿದ್ದಾರೆ; ಕಲಿಯುವವರಿಗೆ ಅವರು ಮಾಡಿರುವ ಉಪಕಾರ ದೊಡ್ಡದು. ಈ ಕೆಲಸಕ್ಕಿರುವ ‘ಫ್ರೆಟ್‌ವರ್ಕ್’ ಎಂಬ ಹಳೆಯ ಪದ ಹಾಕಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದರೆ ನೂರು ವರ್ಷ ಹಿಂದಿನ ಪುಸ್ತಕಗಳು ತೆರೆದುಕೊಳ್ಳುತ್ತವೆ. ಇಂಗ್ಲೆಂಡಿನ ಡೇರ್‌ಹ್ಯಾಮ್ ಪಟ್ಟಣದ ಹಾಬೀಸ್ ಕಂಪನಿ 1895ರಲ್ಲೇ ವಾರಪತ್ರಿಕೆ ಹೊರಡಿಸಿ ಮನೆಮನೆಗೆ ನಕ್ಷೆ ಮುಟ್ಟಿಸುತ್ತಿತ್ತು ಎಂದು ಓದಿದಾಗ, ಈ ಹುಚ್ಚು ನನ್ನೊಬ್ಬಳದಲ್ಲ ಎಂದು ಸಂತೋಷವಾಯಿತು.

ಆದರೂ ಮಂಟಪ ಮೊದಲ ಸಲ ಕೂಡಲಿಲ್ಲ. ಕಂಬವನ್ನು ಪೀಠದ ಸೀಳಿಗೆ ಇಳಿಸಬೇಕು, ಇಳಿಯದು. ಒತ್ತಿದೆ, ಪ್ಲೈವುಡ್ಡಿನ ಮೇಲ್ಪದರ ಚಟ್ಟನೆ ಬಿರಿಯಿತು. ನಕ್ಷೆಯ ಮೂಲೆಯಲ್ಲಿ ಒಂದು ಇಂಚಿನ ಗೆರೆ ಎಳೆದಿದ್ದರು, ಅದು ಯಾಕೆಂದು ನಾನು ಯೋಚಿಸಿಯೇ ಇರಲಿಲ್ಲ. ಸ್ಕೇಲು ಇಟ್ಟು ನೋಡಿದರೆ 25.4 ಮಿ.ಮೀ. ಇರಬೇಕಾದದ್ದು 24 ಇತ್ತು. ಅಮೆರಿಕದವರ ಕಾಗದ ನಮ್ಮ ಎ4ಗಿಂತ ಆರು ಮಿಲಿಮೀಟರ್ ಅಗಲ. ಜೆರಾಕ್ಸ್ ಅಂಗಡಿಯ ಪ್ರಿಂಟರು ನಕ್ಷೆಯನ್ನು ಹಾಳೆಗೆ ಹೊಂದುವಂತೆ ಕುಗ್ಗಿಸಿತ್ತು. ಮರುದಿನ ‘ಆ್ಯಕ್ಚುಯಲ್ ಸೈಜ್’ ಎಂದು ಹೇಳಿ ಪ್ರಿಂಟು ತೆಗೆಸಿದೆ. ಈಗ ಕಂಬ ಒಳಗೆ ಹೋಯಿತು, ಆದರೆ ಅಲುಗಾಡತೊಡಗಿತು! ಅವರ ಕಾಲಿಂಚು ಹಲಗೆ 6.35 ಮಿ.ಮೀ., ನಮ್ಮ ಪ್ಲೈವುಡ್ 6. ಅಂದಿನಿಂದ ನಕ್ಷೆಯ ಸೀಳನ್ನು ನಾನು ನಂಬುವುದಿಲ್ಲ. ಕತ್ತರಿಸಬೇಕಾದ ಹಲಗೆಯ ಚೂರನ್ನೇ ಗೆರೆಯ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಮೊನಚು ಪೆನ್ಸಿಲಿನಲ್ಲಿ ಗುರುತು ಹಾಕಿ, ಗೆರೆಯ ಒಳಮೈಗೆ ಕತ್ತರಿಸಿ, ಮೊದಲು ಬೇಡದ ತುಂಡಿನಲ್ಲಿ ಕೂಡಿಸಿ ನೋಡುತ್ತೇನೆ.

ಮರದ ಹೆಸರುಗಳದ್ದೂ ಇದೇ ಕಥೆ. ವಿಡಿಯೊದವರು ಹೇಳುವ ಬಾಸ್‌ವುಡ್ ನಮ್ಮ ಸಾಮಿಲ್ಲಿನಲ್ಲಿ ಸಿಗದು. ಸಿಲ್ವರ್ ಓಕ್ ಮತ್ತು ಹಲಸಿನಲ್ಲಿ ನಾನು ಕೈ ಪಳಗಿಸಿಕೊಂಡೆ. ಯಂತ್ರಗಳ ವಿಮರ್ಶೆ ನೋಡುತ್ತ ಹೆಚ್ಚು ಹೊತ್ತು ಕಳೆಯಬೇಡಿ, ಬಹಳಷ್ಟು ಅಮೆರಿಕದ 120 ವೋಲ್ಟಿನ ಮಾದರಿಗಳವು. ಸಂಗೀತ ಹಾಕಿ, ವೇಗ ಹೆಚ್ಚಿಸಿ, ಕೊನೆಗೆ ಹೊಳೆಯುವ ವಸ್ತು ತೋರಿಸುವ ವಿಡಿಯೊಗಳೂ ಬೇಡ. ಕೈಬೆರಳು ಎಲ್ಲಿರುತ್ತದೆ, ಬ್ಲೇಡಿನ ನಂಬರು ಎಷ್ಟು, ತುಂಡಾದಾಗ ಏನು ಮಾಡಿದರು ಎಂದು ಮಾತಾಡುತ್ತ ನಿಧಾನವಾಗಿ ತೋರಿಸುವವರನ್ನು ಹುಡುಕಿ.

ಬ್ಲೇಡಿನ ಬಿಗಿಯನ್ನು ಮಾತ್ರ ಯಾವ ವಿಡಿಯೊದಿಂದಲೂ ಕಲಿಯಲಾಗಲಿಲ್ಲ. ತಂತಿಯಂತೆ ಮೀಟಿದರೆ ನಾದ ಬರಬೇಕು ಎನ್ನುತ್ತಾರೆ, ಎಂಥ ನಾದ? ಮಂಡಿ ಮೊಹಲ್ಲಾದ ಹಿರಿಯರು ತಮ್ಮ ಗರಗಸವನ್ನು ನನ್ನ ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ಮೀಟಿದರು. “ಇಷ್ಟು ಬಂದ್ರೆ ಸಾಕು ಮೇಡಂ. ಆಮೇಲೆ ಬ್ಲೇಡ್ ತಳ್ಳೋಕೆ ಹೋಗ್ಬೇಡಿ, ಮರಾನ ತಿರುಗಿಸ್ತಾ ಇರಿ.”

ಮಂಟಪದ ಪ್ರಭಾವಳಿ ಮುಗಿದಾಗ ಮೊದಲು ಅವರಿಗೇ ಒಯ್ದು ತೋರಿಸಿದೆ. ಮುಂಭಾಗ ನೋಡಲೇ ಇಲ್ಲ ಅವರು. ತಿರುಗಿಸಿ, ಹಿಂಬದಿಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು.

“ಕೆಳಗಡೆ ಒಂದು ಚಕ್ಕೇನೂ ಎದ್ದಿಲ್ಲ. ಯಾವ ಬ್ಲೇಡು ಇದು?”

ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿರುವ ಬ್ಲೇಡು ಎಂದು ವಿವರಿಸಿದೆ. ಅವರ ಮಗ ಫೋನು ತೆಗೆದ. ಹುಡುಕಲು ಬೇಕಾದ ಪದವನ್ನು ನಾನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ: ರಿವರ್ಸ್ ಟೂತ್.