ಅದು ಸುಲಿಗೆಯಲ್ಲ, ಆದರೆ ಮಗನನ್ನು ಒಂದು ಮಾತು ಕೇಳಿ

ತಾಯಿ, ನೀವು ಬರೆದಂತೆ ಹತ್ತೊಂಬತ್ತರ ಮಗ ಅಂಗಡಿಯಲ್ಲಿ ಇಯರ್‌ಫೋನ್ ಜೇಬಿಗಿಳಿಸಿದ್ದಷ್ಟೇ ಆಗಿದ್ದರೆ ಅದು ಕಳವು. ಸುಲಿಗೆ ಕೇಸ್ ಎಂದು ಅಂಗಡಿಯವರು ನಿಮ್ಮನ್ನು ಹೆದರಿಸಿದ್ದು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಪ್ರಕಾರ ಕಳವಿಗೆ 3 ವರ್ಷದವರೆಗೆ ಜೈಲು. ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಇದೇ ಮೊದಲ ಅಪರಾಧವಾಗಿ, ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಕಟ್ಟಡದೊಳಗಿನ ಕಳವೆಂದು 305ನೇ ಕಲಂ ಹಾಕಿದರೆ ಮಾತ್ರ 7 ವರ್ಷದವರೆಗೂ ಹೋಗಬಹುದು. ದೂರಿನ ಪ್ರತಿ ತರಿಸಿ ನೋಡಿ.

ಇನ್ನು ಮಗನನ್ನು ಹತ್ತಿರ ಕೂರಿಸಿಕೊಂಡು, ಬೈಯದೆ ಕೇಳಿ: ಹೊರಗೆ ಓಡುವಾಗ ಕಾವಲಿನವರನ್ನು ತಳ್ಳಿದೆಯಾ, ಹೊಡೀತೀನಿ ಅಂದೆಯಾ? ಕದ್ದದ್ದನ್ನು ಒಯ್ಯುವುದಕ್ಕೆಂದೇ ಯಾರನ್ನಾದರೂ ನೋಯಿಸಿದರೆ, ತಡೆದು ನಿಲ್ಲಿಸಿದರೆ, ಈಗಲೇ ಏಟು ಬೀಳುತ್ತದೆಂಬ ಭಯ ಹುಟ್ಟಿಸಿದರೆ ಅದೇ ಕಳವು 309ನೇ ಕಲಮಿನ ಸುಲಿಗೆಯಾಗುತ್ತದೆ. ಅದಕ್ಕೆ 10 ವರ್ಷದವರೆಗೆ ಕಠಿಣ ಸಜೆ. ವಸ್ತು ಇನ್ನೂರು ರೂಪಾಯಿಯದಾದರೂ ಅಷ್ಟೇ. ಮಾಲು ಅಲ್ಲೇ ಬಿಸಾಡಿ, ಬರೀ ತಪ್ಪಿಸಿಕೊಳ್ಳಲು ತಳ್ಳಿದ್ದರೆ ವಾದಕ್ಕೆ ಜಾಗವಿದೆ. ಅವನು ಹೇಳಿದ್ದನ್ನು ಒಂದಕ್ಷರ ಮುಚ್ಚಿಡದೆ ವಕೀಲರಿಗೆ ತಿಳಿಸಿ.

ಬಾಯಿಮುಚ್ಚಲು ಅಂಗಡಿಯವರು ಕೇಳುತ್ತಿರುವ ಐವತ್ತು ಸಾವಿರವನ್ನು ದಯವಿಟ್ಟು ಕೊಡಬೇಡಿ. ವಸ್ತುವಿನ ಬೆಲೆ ಕೊಟ್ಟು, ರಸೀದಿ ಪಡೆಯಿರಿ.