ಅಕ್ವೇರಿಯಂ ಸ್ಟ್ಯಾಂಡ್ ತಯಾರಿಕೆ: ಕಬ್ಬಿಣದ ತೂಕಕ್ಕೆ ದರವೋ, ಹೊರುವ ಭಾರಕ್ಕೆ ದರವೋ?

ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ಪಟ್ಟಣಗಳ ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಷನ್ ಘಟಕಗಳು ಬಹುಮಟ್ಟಿಗೆ ಬೇಸಾಯವನ್ನೂ ಕಟ್ಟಡ ನಿರ್ಮಾಣವನ್ನೂ ಆಶ್ರಯಿಸಿ ಬೆಳೆದಂಥವು. ಕಬ್ಬಿನ ಟ್ರೇಲರ್, ಆಲೆಮನೆಯ ಸಲಕರಣೆ, ಗೇಟು, ಕಿಟಕಿಯ ಗ್ರಿಲ್, ಶೀಟಿನ ಚಾವಣಿಯ ಚೌಕಟ್ಟು ಇವೇ ಅವುಗಳ ನಿತ್ಯದ ಕೆಲಸಗಳು. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಅನೇಕ ಘಟಕಗಳಲ್ಲಿ ಕೆಲಸ ಕಡಿಮೆಯಾಗುತ್ತದೆ. ಬಾಡಿಗೆ, ಬಡ್ಡಿ ಮತ್ತು ಸಂಬಳಗಳು ಮಾತ್ರ ನಿಲ್ಲುವುದಿಲ್ಲ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಗೊಂಡ ನಂತರ ಈ ಎರಡು ನಗರಗಳ ಮಾರುಕಟ್ಟೆ ನಮಗೆ ಇನ್ನಷ್ಟು ಹತ್ತಿರವಾಗಿದೆ. ಆ ಮಾರುಕಟ್ಟೆಗಾಗಿ ನಮ್ಮ ಸಣ್ಣ ಘಟಕಗಳು ಕೈಗೊಳ್ಳಬಹುದಾದ ಕೆಲಸಗಳಲ್ಲಿ ಮನೆಗಳ ದೊಡ್ಡ ಅಕ್ವೇರಿಯಂಗಳಿಗೆ ಬೇಕಾಗುವ ಲೋಹದ ಸ್ಟ್ಯಾಂಡ್ ಒಂದು.

ಇದಕ್ಕೆ ಬೇಕಾದ ಯಂತ್ರಗಳೂ ಕೈಚಳಕವೂ ನಮ್ಮಲ್ಲಿ ಈಗಾಗಲೇ ಇವೆ. ಕೊರತೆಯಿರುವುದು ಲೆಕ್ಕದಲ್ಲಿ. ಗ್ರಿಲ್ ಮತ್ತು ಗೇಟುಗಳಿಗೆ ಹೇಳುವಂತೆ "ಕೆ.ಜಿ.ಗೆ ಇಷ್ಟು" ಎಂದು ಈ ಕೆಲಸಕ್ಕೂ ದರ ಹೇಳುವುದು ರೂಢಿಯಾಗಿದೆ. ಈ ರೂಢಿಯಿಂದ ಘಟಕಕ್ಕೆ ಹೇಗೆ ನಷ್ಟವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಎಂಥ ಹೊಣೆ ಹೆಗಲೇರುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

1. ಮೊದಲು ಭಾರದ ಲೆಕ್ಕ

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯೊಂದನ್ನು ತೆಗೆದುಕೊಳ್ಳೋಣ. ಇದರ ಗಾತ್ರ 24 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರಿನಂತೆ 680 ಲೀಟರ್ ನೀರು ಹಿಡಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ಆದ್ದರಿಂದ ನೀರೊಂದೇ 680 ಕೆ.ಜಿ. 12 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ, ತಳ ಮತ್ತು ನಾಲ್ಕು ಗೋಡೆ ಸೇರಿ 44 ಚದರ ಅಡಿಗೆ ಸುಮಾರು 120 ಕೆ.ಜಿ. ತಳದ ಮರಳು, ಕಲ್ಲು, ಮುಚ್ಚಳ, ದೀಪ ಮತ್ತು ಫಿಲ್ಟರಿಗೆ 100 ಕೆ.ಜಿ. ಹಿಡಿದರೆ ಒಟ್ಟು ಭಾರ 900 ಕೆ.ಜಿ. ಆಯಿತು. ವಿನ್ಯಾಸಕ್ಕೆ 1,000 ಕೆ.ಜಿ. ಎಂದು ಹಿಡಿಯುವುದು ಕ್ಷೇಮ.

ಗೇಟು ತನ್ನ ತೂಕವನ್ನಷ್ಟೇ ಹೊರುತ್ತದೆ. ಈ ಸ್ಟ್ಯಾಂಡು ತನ್ನ ತೂಕದ ಹತ್ತು ಪಟ್ಟಿಗೂ ಮಿಕ್ಕ ಭಾರವನ್ನು ಹಗಲಿರುಳು, ವರ್ಷಗಟ್ಟಲೆ, ಜನರು ವಾಸಿಸುವ ಕೋಣೆಯಲ್ಲಿ ಹೊರಬೇಕು. ಎರಡನ್ನೂ ಒಂದೇ ದರಪಟ್ಟಿಯಲ್ಲಿ ಸೇರಿಸಲಾಗದು.

2. ಮುರಿಯುವುದು ಕಬ್ಬಿಣವಲ್ಲ, ಗಾಜು

50×50 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಚೌಕ ಪೈಪಿನಿಂದ ನಾಲ್ಕು ಮೂಲೆಗೆ ನಾಲ್ಕು ಕಾಲುಗಳ ಸ್ಟ್ಯಾಂಡ್ ಮಾಡಿದೆವೆನ್ನಿ. 900 ಕೆ.ಜಿ. ಭಾರವನ್ನು ಮುಂದಿನ ಮತ್ತು ಹಿಂದಿನ ಉದ್ದ ಪೈಪುಗಳು ತಲಾ 450 ಕೆ.ಜಿ.ಯಂತೆ ಹಂಚಿಕೊಳ್ಳುತ್ತವೆ. ಆಗ 1,800 ಮಿ.ಮೀ. ಉದ್ದದ ಪೈಪು ನಡುವೆ ಸುಮಾರು 8 ಮಿ.ಮೀ. ಬಾಗುತ್ತದೆಂದು ತೊಲೆಯ ಸರಳ ಸೂತ್ರ ಹೇಳುತ್ತದೆ. ಪೈಪು ಮುರಿಯುವುದಿಲ್ಲ, ಅದರ ಶಕ್ತಿಗೆ ಇದು ಮೀರಿದ ಭಾರವಲ್ಲ. ಆದರೆ ಗಾಜು ಕಬ್ಬಿಣದೊಡನೆ ಬಾಗಲಾರದು. ತಳದ ಗಾಜು ಸೀಳುತ್ತದೆ, ಇಲ್ಲವೇ ಸಿಲಿಕೋನ್ ಅಂಟು ಮೂಲೆಯಲ್ಲಿ ಬಿಡುತ್ತದೆ. "ನಮ್ಮ ಸ್ಟ್ಯಾಂಡಿಗೆ ಏನೂ ಆಗಿಲ್ಲ, ಗಾಜೇ ಒಡೆಯಿತು" ಎಂಬ ವಾದ ಆದ್ದರಿಂದಲೇ ನಿಲ್ಲುವುದಿಲ್ಲ.

ಅದೇ ಪೈಪಿಗೆ ಮುಂದೆ ಒಂದು, ಹಿಂದೆ ಒಂದು ನಡುಗಾಲು ಕೊಟ್ಟರೆ ಬಾಗು ಅರ್ಧ ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಹದಿನಾರರಲ್ಲಿ ಒಂದು ಪಾಲು. ಆಧಾರಗಳ ನಡುವಣ ಅಂತರವನ್ನು ಅರ್ಧಕ್ಕಿಳಿಸಿದುದರ ಫಲವಿದು. ಈ ಎರಡು ಕಾಲುಗಳಿಗೆ ತಗಲುವ ಕಬ್ಬಿಣ ಸುಮಾರು 6 ಕೆ.ಜಿ. ಮಾತ್ರ. ನಡುಗಾಲಿಲ್ಲದೆ 100×100 ಮಿ.ಮೀ., 4 ಮಿ.ಮೀ. ದಪ್ಪದ ಪೈಪು ಹಾಕಿದರೆ ಮೀಟರಿಗೆ 12 ಕೆ.ಜಿ. ಕಬ್ಬಿಣ ಹೋಗುತ್ತದೆ, ಆದರೂ ಬಾಗು 0.7 ಮಿ.ಮೀ. ಉಳಿಯುತ್ತದೆ. ಕೆ.ಜಿ. ದರದಲ್ಲಿ ಕೆಲಸ ಮಾಡುವವನಿಗೆ ಈ ಎರಡನೆಯ, ಅಷ್ಟೊಂದು ಒಳ್ಳೆಯದಲ್ಲದ ವಿನ್ಯಾಸಕ್ಕೇ ಹೆಚ್ಚು ಹಣ ದೊರೆಯುತ್ತದೆ. ಬುದ್ಧಿ ಉಪಯೋಗಿಸಿದವನಿಗೆ ಕಡಿಮೆ ಕೂಲಿ, ಕಬ್ಬಿಣ ಸುರಿದವನಿಗೆ ಹೆಚ್ಚು ಕೂಲಿ: ಕೆ.ಜಿ. ದರದ ಮೂಲದೋಷ ಇದೇ.

ತಯಾರಿಕೆಯಲ್ಲಿ ಗಮನಿಸಬೇಕಾದ ಇತರ ಅಂಶಗಳು ಹೀಗಿವೆ:

(ಅ) ಮೇಲಿನ ಚೌಕಟ್ಟು ಕಾಲುಗಳ ಮೇಲೆ ಕೂರಬೇಕು. ಭಾರವು ಬೆಸುಗೆಯಿಂದ ಜೋತು ಬೀಳದೆ ನೇರವಾಗಿ ಕಾಲಿಗೆ ಇಳಿಯಬೇಕು.

(ಆ) ನೇರ ಭಾರವನ್ನು ಕಾಲುಗಳು ಸುಲಭವಾಗಿ ತಾಳುತ್ತವೆ. ಅಪಾಯವಿರುವುದು ಪಕ್ಕಕ್ಕೆ ವಾಲುವುದರಲ್ಲಿ. ಹಿಂಬದಿಗೆ ಓರೆ ಪೈಪುಗಳನ್ನೂ ಪಕ್ಕಗಳ ಮೂಲೆಗಳಿಗೆ ತ್ರಿಕೋನ ಪ್ಲೇಟುಗಳನ್ನೂ ಬೆಸೆಯತಕ್ಕದ್ದು.

(ಇ) ಕಾಲಿನ ಕೆಳಗೆ 100×100×6 ಮಿ.ಮೀ. ಪ್ಲೇಟು ಇರಲಿ. ಇಲ್ಲವಾದರೆ ಪೈಪಿನ ಅಂಚು ನೆಲದ ಟೈಲ್ಸನ್ನು ಸೀಳುತ್ತದೆ.

(ಈ) ಪೈಪಿನ ತೆರೆದ ತುದಿಗಳನ್ನು ಪೂರ್ತಿ ಮುಚ್ಚಿ ಬೆಸೆಯಬೇಕು. ಒಳಗೆ ಸೇರಿದ ತೇವ ಕಣ್ಣಿಗೆ ಕಾಣದಂತೆ ತುಕ್ಕು ಹಿಡಿಸುತ್ತದೆ. ಬೆಸುಗೆಯ ಕಿಟ್ಟವನ್ನು ಉಜ್ಜಿ ತೆಗೆದು, ಜಿಂಕ್ ಪ್ರೈಮರ್ ಹಚ್ಚಿದ ನಂತರವೇ ಬಣ್ಣ. ಕಡಲ ಮೀನಿನ ಉಪ್ಪುನೀರಿನ ತೊಟ್ಟಿಯಾದರೆ ಈ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು.

(ಉ) ಚೌಕಟ್ಟಿನ ಮೇಲೆ 19 ಮಿ.ಮೀ. ಮರೀನ್ ಪ್ಲೈವುಡ್, ಅದರ ಮೇಲೆ ತೆಳುವಾದ ಫೋಮ್ ಹಾಳೆ ಹಾಸಬೇಕು. ತಳದಲ್ಲಿ ಪ್ಲಾಸ್ಟಿಕ್ ಚೌಕಟ್ಟಿರುವ ತೊಟ್ಟಿಗಳು ಅಂಚಿನ ಮೇಲಷ್ಟೇ ನಿಲ್ಲುವುದರಿಂದ ಅವುಗಳಿಗೆ ಫೋಮ್ ಹಾಕಬಾರದು.

3. ಪೈಪು ಕತ್ತರಿಸುವ ಯೋಜನೆ

ಅಂಗಡಿಯಲ್ಲಿ ಪೈಪು 6 ಮೀಟರ್ ಉದ್ದದಲ್ಲಿ ದೊರೆಯುತ್ತದೆ. ನಮ್ಮ ಸ್ಟ್ಯಾಂಡಿಗೆ 1.8 ಮೀ. ಉದ್ದದ 4, ಅರ್ಧ ಮೀ. ಉದ್ದದ 6, ಕಾಲುಗಳಿಗೆ 0.7 ಮೀ. ಉದ್ದದ 6 ಮತ್ತು ಓರೆಗೆ 1.08 ಮೀ. ಉದ್ದದ 2 ತುಂಡುಗಳು ಬೇಕು. ಒಟ್ಟು ಸುಮಾರು 16.6 ಮೀ. ಮೊದಲ ಎರಡು ಪೈಪುಗಳಲ್ಲಿ ತಲಾ ಎರಡು ಉದ್ದ ತುಂಡು ಮತ್ತು ಮೂರು ಕಾಲು ಬರುತ್ತವೆ. ಮೂರನೆಯದರಲ್ಲಿ ಅಡ್ಡ ತುಂಡುಗಳೂ ಓರೆಗಳೂ ಬರುತ್ತವೆ. 18 ಮೀಟರಿನಲ್ಲಿ ಉಳಿಯುವ ಚೂರು ಸುಮಾರು 1.4 ಮೀ., ಅಂದರೆ ಶೇ. 8. ಕಾಗದದ ಮೇಲೆ ಈ ಯೋಜನೆ ಹಾಕಿಕೊಳ್ಳದೆ ಕತ್ತರಿಸಲಾರಂಭಿಸಿದರೆ ನಾಲ್ಕನೆಯ ಪೈಪು ಬೇಕಾಗುತ್ತದೆ. ಗ್ರಾಹಕನು ಹಣ ಕೊಡುವುದು ತೂಕದ ಕಾಟಾದ ಮೇಲೆ ನಿಂತ ಕಬ್ಬಿಣಕ್ಕೆ. ನಾವು ಹಣ ಕೊಟ್ಟಿರುವುದು ಅಂಗಡಿಯಿಂದ ತಂದ ಕಬ್ಬಿಣಕ್ಕೆ ಎಂಬುದನ್ನು ಮರೆಯಬಾರದು.

4. ನಿಜವಾದ ವೆಚ್ಚ

ಕೆಳಗಿನ ದರಗಳು ಉದಾಹರಣೆಗಾಗಿ ಹಿಡಿದಂಥವು. ಸದಸ್ಯರು ತಮ್ಮ ಊರಿನ, ಆ ದಿನದ ದರಗಳನ್ನು ಹಾಕಿಕೊಳ್ಳತಕ್ಕದ್ದು. ಖರೀದಿಯ ದರಗಳು ಜಿ.ಎಸ್.ಟಿ. ಹೊರತುಪಡಿಸಿದವು.

ಪೈಪು 77.4 ಕೆ.ಜಿ., ಕೆ.ಜಿ.ಗೆ ರೂ. 70ರಂತೆ: ರೂ. 5,418
ಪ್ಲೇಟುಗಳು: ರೂ. 300
ವೆಲ್ಡಿಂಗ್ ರಾಡ್, ಕಟಿಂಗ್ ಮತ್ತು ಗ್ರೈಂಡಿಂಗ್ ಚಕ್ರ: ರೂ. 450
ವೆಲ್ಡರ್ ಮತ್ತು ಸಹಾಯಕ, ಒಂದೂವರೆ ದಿನ: ರೂ. 2,250
ವಿದ್ಯುತ್, ಯಂತ್ರದ ಸವಕಳಿ: ರೂ. 300
ಬಣ್ಣ ರೂ. 1,200 ಮತ್ತು ಅದರ ಕೂಲಿ ರೂ. 750: ರೂ. 1,950
ಉಪಮೊತ್ತ: ರೂ. 10,668
ಪ್ಲೈವುಡ್ ಮತ್ತು ಫೋಮ್: ರೂ. 1,470
ಸಾಗಣೆ, ಮನೆಯಲ್ಲಿ ಮಟ್ಟ ಮಾಡಿ ನಿಲ್ಲಿಸುವುದು: ರೂ. 1,200
ಬಾಡಿಗೆ, ಬಡ್ಡಿ, ಮಾಲೀಕನ ದುಡಿಮೆ, ದಿನಕ್ಕೆ ರೂ. 800ರಂತೆ 2 ದಿನ: ರೂ. 1,600
ಒಟ್ಟು ವೆಚ್ಚ: ರೂ. 14,938

ಸಿದ್ಧವಾದ ಸ್ಟ್ಯಾಂಡಿನ ತೂಕ ಸುಮಾರು 75 ಕೆ.ಜಿ. ಕೆ.ಜಿ.ಗೆ ರೂ. 150ರಂತೆ ದರ ಒಪ್ಪಿದ್ದರೆ ಬರುವುದು ರೂ. 11,250. ಪ್ಲೈವುಡ್ ಮತ್ತು ಸಾಗಣೆ ಗ್ರಾಹಕರದೇ ಎಂದಿಟ್ಟುಕೊಂಡರೂ ನಮ್ಮ ವೆಚ್ಚ ರೂ. 12,268, ನಷ್ಟ ರೂ. 1,018. ಅವೂ ನಮ್ಮ ಮೇಲೆ ಬಿದ್ದರೆ ನಷ್ಟ ರೂ. 3,688. ಮಾಲೀಕನು ತನ್ನ ಕೂಲಿಯನ್ನೂ ಅಂಗಡಿಯ ಬಾಡಿಗೆಯನ್ನೂ ವೆಚ್ಚವೆಂದು ಬರೆಯದಿರುವುದರಿಂದಲೇ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ವರ್ಷದ ಕೊನೆಯಲ್ಲಿ "ಕೆಲಸ ಬಹಳವಿತ್ತು, ಹಣ ಮಾತ್ರ ಉಳಿಯಲಿಲ್ಲ" ಎಂಬ ಮಾತಾಗಿ ಹೊರಬರುತ್ತದೆ.

ಒಟ್ಟು ವೆಚ್ಚಕ್ಕೆ ಹಾನಿಯ ಮೀಸಲೆಂದು ರೂ. 450, ಅದರ ಮೇಲೆ ಶೇ. 12 ಲಾಭವೆಂದು ರೂ. 1,847 ಸೇರಿಸಿದರೆ ಮಾರಾಟದ ಬೆಲೆ ರೂ. 17,235 ಆಗುತ್ತದೆ.

5. ತೆರಿಗೆ: ಗ್ರಾಹಕ ಯಾರು ಎಂಬುದನ್ನು ನೋಡಿ

ಲೋಹದ ಪೀಠೋಪಕರಣಗಳಿಗೆ ಜಿ.ಎಸ್.ಟಿ. ಶೇ. 18. ಸಾಮಾನ್ಯ ನೋಂದಣಿಯಲ್ಲಿರುವ ಘಟಕದ ಬಿಲ್ಲು ರೂ. 20,337 ಆಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ತಯಾರಕರು ವಹಿವಾಟಿನ ಶೇ. 1ರಷ್ಟು ತೆರಿಗೆ ಕಟ್ಟುತ್ತಾರೆ. ಅದನ್ನು ಗ್ರಾಹಕರಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯ ಜಮೆಯೂ ಇಲ್ಲ. ನಮ್ಮ ಉದಾಹರಣೆಯಲ್ಲಿ ಕಬ್ಬಿಣ, ರಾಡ್, ಬಣ್ಣ ಮತ್ತು ಪ್ಲೈವುಡ್ ಖರೀದಿಯ ಮೇಲಿನ ತೆರಿಗೆ ರೂ. 1,591 ವೆಚ್ಚಕ್ಕೆ ಸೇರಿ, ಅದೇ ಲಾಭಕ್ಕೆ ಬೆಲೆ ಸುಮಾರು ರೂ. 19,016 ಆಗುತ್ತದೆ.

ಮನೆಯವರಿಗೆ ನೇರವಾಗಿ ಮಾರುವವರಿಗೆ ಕಾಂಪೊಸಿಷನ್ ಅನುಕೂಲ. ಗ್ರಾಹಕರಿಗೆ ಸುಮಾರು ರೂ. 1,300 ಉಳಿಯುತ್ತದೆ. ಆದರೆ ಬೆಂಗಳೂರಿನ ನೋಂದಾಯಿತ ಅಕ್ವೇರಿಯಂ ಅಂಗಡಿಯವರಿಗೆ ಸಾಮಾನ್ಯ ಬಿಲ್ಲಿನಲ್ಲಿ ತೆರಿಗೆಯ ಜಮೆ ದೊರೆತು ನಿಜವೆಚ್ಚ ರೂ. 17,235 ಮಾತ್ರ. ಅವರು ಕಾಂಪೊಸಿಷನ್ ಘಟಕದಿಂದ ಕೊಳ್ಳಲು ಹಿಂಜರಿಯುವುದು ಸಹಜ. ಕಾಂಪೊಸಿಷನ್ ಘಟಕವು ಹೊಸೂರಿನಂಥ ಹೊರರಾಜ್ಯದ ಊರಿಗೆ ಮಾರುವಂತೆಯೂ ಇಲ್ಲ.

ಇನ್ನೊಂದು ಎಚ್ಚರಿಕೆ. ಕರ್ನಾಟಕದಲ್ಲಿ ಕೇವಲ ಸರಕು ಪೂರೈಸುವವರಿಗೆ ನೋಂದಣಿಯ ಮಿತಿ ರೂ. 40 ಲಕ್ಷ. ಗ್ರಾಹಕರೇ ಪೈಪು ತಂದುಕೊಟ್ಟು ನಾವು ಕೂಲಿ ಮಾತ್ರ ಪಡೆದರೆ ಅದು ಸೇವೆ ಎನಿಸುತ್ತದೆ. ಅಂಥ ಕೆಲಸ ಮಾಡುವವರಿಗೆ ರೂ. 40 ಲಕ್ಷದ ಮಿತಿ ಅನ್ವಯಿಸದೆ ರೂ. 20 ಲಕ್ಷದ ಮಿತಿ ಅನ್ವಯಿಸುತ್ತದೆ.

ಅಂಗಡಿಗಳಿಗೆ ಸಾಲದ ಮೇಲೆ ಮಾಲು ಕೊಡುವವರು ಉದ್ಯಮ್ ನೋಂದಣಿ ಪಡೆದಿರಬೇಕು. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ 15ನೇ ಕಲಮಿನಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಚಕ್ರಬಡ್ಡಿಯಾಗಿ ಕೇಳುವ ಹಕ್ಕನ್ನು 16ನೇ ಕಲಮು ಕೊಟ್ಟಿದೆ.

6. ಹೊಣೆಗಾರಿಕೆ

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಉತ್ಪನ್ನ ಹೊಣೆಗಾರಿಕೆ ಎಂಬ ಪ್ರತ್ಯೇಕ ಅಧ್ಯಾಯವನ್ನು ತಂದಿತು. ಅದರ 84ನೇ ಕಲಮಿನಂತೆ ತಯಾರಿಕೆಯ ದೋಷಕ್ಕೆ ಮಾತ್ರವಲ್ಲ, ವಿನ್ಯಾಸದ ದೋಷಕ್ಕೂ ಸರಿಯಾದ ಬಳಕೆಯ ಸೂಚನೆ ಕೊಡದಿದ್ದುದಕ್ಕೂ ತಯಾರಕನು ಹೊಣೆ. ನಾಲ್ಕು ಕಾಲಿನ ಬಾಗುವ ಸ್ಟ್ಯಾಂಡು ವಿನ್ಯಾಸದ ದೋಷವೆನಿಸಬಹುದು. ಒಡೆದ ತೊಟ್ಟಿ, ಸತ್ತ ಮೀನು, ನೆನೆದ ಮರದ ಸಾಮಾನು, ಕೆಳಮಹಡಿಯ ಚಾವಣಿ, ಎಲ್ಲಕ್ಕಿಂತ ಮಿಗಿಲಾಗಿ ಮನೆಯ ಮಕ್ಕಳ ಸುರಕ್ಷತೆ ಇದರಲ್ಲಿ ಅಡಗಿದೆ. ಒಂದು ಸ್ಟ್ಯಾಂಡಿನ ರೂ. 1,847 ಲಾಭದಿಂದ ಇದನ್ನು ತುಂಬಿಕೊಡಲಾಗದು.

ನೆಲದ ವಿಚಾರವೂ ಇದೆ. ಭಾರತೀಯ ಮಾನಕ 875ರ ಎರಡನೆಯ ಭಾಗದಂತೆ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸುತ್ತಾರೆ. ನಮ್ಮ ತೊಟ್ಟಿ ತಾನು ನಿಂತ ಜಾಗದಲ್ಲಿ ಚದರ ಮೀಟರಿಗೆ 800 ಕೆ.ಜಿ.ಗೂ ಹೆಚ್ಚು ಭಾರ ಹೇರುತ್ತದೆ. ಮಹಡಿಯ ಮೇಲೆ ಇಡುವುದಾದರೆ ಕಟ್ಟಡದ ಎಂಜಿನಿಯರರ ಅಭಿಪ್ರಾಯ ಪಡೆಯಿರೆಂದು ಗ್ರಾಹಕರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು.

7. ಪಾಲಿಸಬೇಕಾದ ಕ್ರಮ

(1) ಆದೇಶವನ್ನು ಬಾಯಿಮಾತಿನಲ್ಲಿ ಪಡೆಯದೆ ತೊಟ್ಟಿಯ ಅಳತೆ, ಗಾಜಿನ ದಪ್ಪ, ಇಡುವ ಮಹಡಿ ಇವನ್ನು ಬರೆದು ಇಬ್ಬರೂ ಸಹಿ ಮಾಡುವುದು.

(2) ಬಣ್ಣ ಹಚ್ಚುವ ಮುನ್ನ ಘಟಕದಲ್ಲೇ ಸ್ಟ್ಯಾಂಡಿನ ಮೇಲೆ 50 ಕೆ.ಜಿ.ಯ 20 ಸಿಮೆಂಟ್ ಚೀಲಗಳನ್ನು ಸಮನಾಗಿ ಹರಡಿ 24 ಗಂಟೆ ಬಿಡುವುದು. ಉದ್ದ ಪೈಪಿಗೆ ದಾರ ಬಿಗಿದು ಬಾಗನ್ನು ಅಳೆದು ಬರೆದಿಡುವುದು. ಚೀಲಗಳು ಮತ್ತೆ ಅಂಗಡಿಗೆ ಹೋಗುತ್ತವೆ. ಖರ್ಚು ಅಲ್ಪ, ಸಾಕ್ಷ್ಯ ದೊಡ್ಡದು.

(3) ಮನೆಯಲ್ಲಿ ರಸಮಟ್ಟವಿಟ್ಟು ನಾಲ್ಕು ಬದಿಯೂ ಮಟ್ಟ ಮಾಡಿ, ಛಾಯಾಚಿತ್ರ ತೆಗೆದಿಡುವುದು.

(4) "ಗರಿಷ್ಠ ಭಾರ 1,000 ಕೆ.ಜಿ." ಎಂಬ ಚಿಕ್ಕ ಫಲಕವನ್ನು ಸ್ಟ್ಯಾಂಡಿಗೆ ಹಾಕಿ, ಬಿಲ್ಲಿನಲ್ಲಿಯೂ ನಮೂದಿಸುವುದು.

(5) ಪ್ರತಿ ಸ್ಟ್ಯಾಂಡಿಗೂ ಒಂದು ವೆಚ್ಚದ ಹಾಳೆ ಬರೆದು, ಕೆಲಸ ಮುಗಿದ ಮೇಲೆ ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ನೋಡುವುದು. ಐದಾರು ಹಾಳೆಗಳಾದ ಮೇಲೆ ತಮ್ಮ ಘಟಕದ ದರಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಬೇರೆ ಅಳತೆಯ ತೊಟ್ಟಿಗಳಿಗೂ ಇದೇ ಕ್ರಮ: ಮೊದಲು ನೀರಿನ ಭಾರ, ನಂತರ ಆಧಾರಗಳ ನಡುವಣ ಅಂತರ, ನಂತರ ಪೈಪಿನ ಅಳತೆ, ಕೊನೆಯಲ್ಲಿ ಬೆಲೆ. ಗ್ರಾಹಕರು "ಕೆ.ಜಿ.ಗೆ ಎಷ್ಟು?" ಎಂದು ಕೇಳಿದಾಗ "ನಿಮ್ಮ ತೊಟ್ಟಿ ಎಷ್ಟು ಲೀಟರಿನದು?" ಎಂದು ಮರುಪ್ರಶ್ನೆ ಹಾಕುವುದರಿಂದಲೇ ಈ ವ್ಯವಹಾರ ಆರಂಭವಾಗಲಿ. ತೆರಿಗೆಯ ಆಯ್ಕೆಯ ವಿಷಯದಲ್ಲಿ ಸದಸ್ಯರು ಹಣಕಾಸು ವರ್ಷ ಆರಂಭವಾಗುವುದಕ್ಕೆ ಮುಂಚೆಯೇ ತಮ್ಮ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸಿ ತೀರ್ಮಾನಿಸುವುದು ಒಳಿತು.